ಹನಿ ಲೆಕ್ಕದ ಎಣ್ಣೆಯನ್ನು ಚಮಚದಲ್ಲಿ ಅಳೆಯಬೇಡಿ



2021ರ ಏಪ್ರಿಲ್ ತಿಂಗಳು ನೆನಪಿದೆಯೇ? ಕೊರೊನಾ ಎರಡನೇ ಅಲೆಯ ಹೊತ್ತು. ಆಕ್ಸಿಜನ್ ಸಿಗದೆ ದೇಶವೇ ಪರದಾಡುತ್ತಿತ್ತು. ಆಗ ಎಲ್ಲರ ಫೋನಿಗೂ ಒಂದು ಸಂದೇಶ ಬಂತು: "ಕರ್ಪೂರ, ಲವಂಗ, ಓಮ, ಒಂದೆರಡು ಹನಿ ನೀಲಗಿರಿ ಎಣ್ಣೆ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ. ದಿನವಿಡೀ ಮೂಸುತ್ತಿರಿ. ಆಕ್ಸಿಜನ್ ಮಟ್ಟ ಏರುತ್ತದೆ." ಲಡಾಖ್‌ಗೆ ಹೋಗುವ ಪ್ರವಾಸಿಗರಿಗೂ ಇದನ್ನೇ ಕೊಡುತ್ತಾರೆ ಎಂಬ ಮಾತನ್ನೂ ಅದಕ್ಕೆ ಜೋಡಿಸಿದ್ದರು.

ಆ ಸಂದೇಶ ಸುಳ್ಳು. ಕರ್ಪೂರ ಮೂಸಿದರೆ ರಕ್ತದ ಆಕ್ಸಿಜನ್ ಏರುವುದಿಲ್ಲ. ಕಟ್ಟಿದ ಮೂಗು ಕೂಡ ನಿಜವಾಗಿ ತೆರೆಯುವುದಿಲ್ಲ. ಕರ್ಪೂರ, ಮೆಂಥಾಲ್, ನೀಲಗಿರಿ ಇವು ಮೂಗಿನೊಳಗಿನ ತಂಪು ತಿಳಿಯುವ ನರಗಳನ್ನು ಕೆಣಕುತ್ತವೆ. ಗಾಳಿ ಜಾಸ್ತಿ ಬರುತ್ತಿದೆ ಎಂದು ನಮಗೆ ಅನಿಸುತ್ತದೆ. ಅಳೆದು ನೋಡಿದರೆ ಗಾಳಿ ಮೊದಲಿನಷ್ಟೇ ಇರುತ್ತದೆ. ಹಿತವೆನಿಸುವುದು ಸುಳ್ಳಲ್ಲ, ಆದರೆ ಹಿತ ಬೇರೆ, ಗುಣ ಬೇರೆ.

ಕೊರೊನಾ ಹೋಯಿತು, ಆ ಸಂದೇಶದ ಅಣ್ಣತಮ್ಮಂದಿರು ಇನ್ನೂ ಓಡಾಡುತ್ತಿದ್ದಾರೆ. "ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲ" ಎಂದು ಹೇಳಿ ನೀಲಗಿರಿ, ಲವಂಗ, ಪುದೀನ, ಟೀ ಟ್ರೀ ಎಣ್ಣೆಗಳನ್ನು ಕುಡಿಯಲು, ಮಗುವಿನ ಎದೆಗೆ ಹಚ್ಚಲು, ಮೂಗಿಗೆ ಬಿಡಲು ಹೇಳುತ್ತಾರೆ. ಎಷ್ಟು ಹನಿ, ಯಾವ ವಯಸ್ಸಿಗೆ, ಯಾರಿಗೆ ಕೂಡದು, ಒಂದನ್ನೂ ಬರೆದಿರುವುದಿಲ್ಲ. ಇಂದಿನ ಮಾತು ಈ ಎಣ್ಣೆಗಳ ಬಗ್ಗೆ. ಇವನ್ನು ಮನೆಯಿಂದ ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಇವು ಔಷಧಿ. ಔಷಧಿಗೆ ಕೊಡುವ ಅಳತೆ, ಎಚ್ಚರ, ಬೀಗ ಮೂರನ್ನೂ ಇವಕ್ಕೂ ಕೊಡಿ ಎನ್ನುವುದಷ್ಟೇ ನನ್ನ ವಾದ.

*ಎಲೆ ಬೇರೆ, ಎಣ್ಣೆ ಬೇರೆ*

"ನಮ್ಮ ಅಜ್ಜಿ ನೀಲಗಿರಿ ಎಲೆ ಕುದಿಸಿ ಹಬೆ ಕೊಡುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ" ಎನ್ನುವವರು ಬಹಳ ಜನ. ಅಜ್ಜಿಯ ಮಾತು ಸರಿ. ಆದರೆ ಅಜ್ಜಿ ಬಳಸಿದ್ದು ಒಂದು ಹಿಡಿ ಎಲೆ.

ಅಂಗಡಿಯ ಸೀಸೆಯಲ್ಲಿರುವುದು ಭಟ್ಟಿ ಇಳಿಸಿದ ಎಣ್ಣೆ. ನೂರು ಕಿಲೋ ಎಲೆಯಿಂದ ಸುಮಾರು ಒಂದೆರಡು ಕಿಲೋ ಎಣ್ಣೆ ಬರುತ್ತದೆ. ಲೆಕ್ಕ ಹಾಕಿ ನೋಡಿ: 5 ಮಿಲಿಯ ಒಂದು ಟೀ ಚಮಚ ಎಣ್ಣೆ ಎಂದರೆ ಕಾಲು ಕಿಲೋದಿಂದ ಅರ್ಧ ಕಿಲೋ ಎಲೆಯ ಸಾರ. ಯಾವ ಅಜ್ಜಿಯೂ ಮೊಮ್ಮಗುವಿಗೆ ಅಷ್ಟು ಎಲೆ ಅರೆದು ಕುಡಿಸಿದ್ದಿಲ್ಲ. ಕೆಮ್ಮಿನ ಸಿರಪ್ ಎಂದು ತಪ್ಪಿ ಒಂದು ಚಮಚ ನೀಲಗಿರಿ ಎಣ್ಣೆ ಕೊಟ್ಟರೆ ಪುಟ್ಟ ಮಗು ಪ್ರಜ್ಞೆ ತಪ್ಪಬಹುದು, ಉಸಿರಾಟಕ್ಕೇ ತೊಂದರೆಯಾಗಬಹುದು.

ಇನ್ನೊಂದು ವ್ಯತ್ಯಾಸವಿದೆ, ಅದು ನಮ್ಮಂಥ ವಲಸೆ ಕುಟುಂಬಗಳಿಗೇ ಸೇರಿದ್ದು. ಊರಲ್ಲಿ ಎಣ್ಣೆ ಸೀಸೆಯ ಜೊತೆ ಅಜ್ಜಿಯೂ ಇದ್ದರು. ಯಾರಿಗೆ ಕೊಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು, ಯಾವಾಗ ವೈದ್ಯರ ಬಳಿ ಓಡಬೇಕು ಎಂದು ಅವರು ನೋಡಿಕೊಳ್ಳುತ್ತಿದ್ದರು. ಪಟಮಟಕ್ಕೆ, ಆಟೋನಗರಕ್ಕೆ, ವಿಶಾಖಪಟ್ಟಣಕ್ಕೆ ಬರುವಾಗ ನಾವು ಸೀಸೆ ತಂದೆವು, ಅಜ್ಜಿ ಊರಲ್ಲೇ ಉಳಿದರು. ಅವರ ಜಾಗದಲ್ಲಿ ಈಗ ಫೋನು ಕುಳಿತಿದೆ. ಫೋನಿಗೆ ನಿಮ್ಮ ಮಗುವಿನ ಮುಖ ಕಾಣುವುದಿಲ್ಲ.

*ಬೆಂಗಳೂರಿನ ವೈದ್ಯರು ಕಂಡದ್ದು*

ಇದು ಬರೀ ಹೆದರಿಸುವ ಮಾತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು ಫಿಟ್ಸ್ ಬಂದ ರೋಗಿಗಳನ್ನು ಒಂದು ಸರಳ ಪ್ರಶ್ನೆ ಕೇಳತೊಡಗಿದರು: "ಫಿಟ್ಸ್ ಬರುವ ಮುಂಚೆ ಯಾವುದಾದರೂ ಎಣ್ಣೆ, ಮುಲಾಮು ಬಳಸಿದ್ದಿರಾ?" ನೀಲಗಿರಿ ಎಣ್ಣೆಯ ವಾಸನೆ ಎಳೆದುಕೊಂಡ ಮೇಲೆ ಫಿಟ್ಸ್ ಬಂದವರ ಬಗ್ಗೆ ಅವರು 2017ರಲ್ಲಿ ಬರೆದರು. ಬಳಿಕ ದಕ್ಷಿಣ ಭಾರತದ ಬೇರೆ ಆಸ್ಪತ್ರೆಗಳನ್ನೂ ಸೇರಿಸಿಕೊಂಡು ದೊಡ್ಡ ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದರು.

ಫಿಟ್ಸ್ ಬಂದ 350 ವಯಸ್ಕರಲ್ಲಿ 55 ಜನರ ಫಿಟ್ಸ್‌ಗೆ ಇಂಥ ಎಣ್ಣೆಗಳ ನಂಟು ಕಂಡಿತು. ಎಂದರೆ ನೂರಕ್ಕೆ ಸುಮಾರು 16 ಮಂದಿ. ಇವರಲ್ಲಿ 33 ಜನರಿಗೆ ಮೊದಲೇ ಫಿಟ್ಸ್ ಕಾಯಿಲೆ ಇತ್ತು, ಎಣ್ಣೆ ಅದನ್ನು ಕೆರಳಿಸಿತ್ತು. ಉಳಿದ 22 ಜನರಿಗೆ ಎಣ್ಣೆಯಿಂದಲೇ ಫಿಟ್ಸ್ ಬಂದಿತ್ತು. ಎಲ್ಲ ಪ್ರಕರಣಗಳಲ್ಲೂ ಕಂಡ ಹೆಸರುಗಳು ಎರಡೇ: ಕರ್ಪೂರ, ನೀಲಗಿರಿ.

ಬಾಮ್ ಹಚ್ಚಿದವರಿಗೆಲ್ಲ ಫಿಟ್ಸ್ ಬರುತ್ತದೆ ಎಂದು ಇದರ ಅರ್ಥವಲ್ಲ. ಇವರು ಫಿಟ್ಸ್ ಬಂದು ಆಸ್ಪತ್ರೆಗೆ ಹೋದವರು. ಕೋಟ್ಯಂತರ ಜನ ಬಾಮ್ ಹಚ್ಚಿ ಆರಾಮವಾಗಿದ್ದಾರೆ. ಆದರೆ ಆ 22 ಜನರನ್ನು ಯೋಚಿಸಿ. ವೈದ್ಯರು ಆ ಒಂದು ಪ್ರಶ್ನೆ ಕೇಳದೆ ಹೋಗಿದ್ದರೆ ಅವರಿಗೆ "ಮೂರ್ಛೆರೋಗ" ಎಂಬ ಹಣೆಪಟ್ಟಿ ಬೀಳುತ್ತಿತ್ತು. ವರ್ಷಗಟ್ಟಲೆ ಮಾತ್ರೆ. ಡ್ರೈವರ್ ಆಗಿದ್ದರೆ ಕೆಲಸಕ್ಕೆ ಕುತ್ತು. ಮದುವೆ ವಯಸ್ಸಿನ ಹುಡುಗಿಯಾಗಿದ್ದರೆ ನಮ್ಮ ಸಮಾಜ ಏನೆನ್ನುತ್ತದೆ ಎಂದು ನಿಮಗೇ ಗೊತ್ತು. ಇಷ್ಟಕ್ಕೂ ಕಾರಣ ಮೂಗಿನ ಬಳಿ ಹಿಡಿದ ಒಂದು ಕರವಸ್ತ್ರ ಆಗಿರಬಹುದಿತ್ತು.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಅಥವಾ ಹಿಂದೆ ಬಂದಿದ್ದರೆ ಕರ್ಪೂರ, ನೀಲಗಿರಿ ಎಣ್ಣೆ ಅವರ ಹತ್ತಿರ ಬೇಡ. ಹೊಸದಾಗಿ ಫಿಟ್ಸ್ ಬಂದು ಆಸ್ಪತ್ರೆಗೆ ಹೋದರೆ, ವೈದ್ಯರು ಕೇಳದಿದ್ದರೂ, ಹಚ್ಚಿದ ಮೂಸಿದ ಕುಡಿದ ಎಲ್ಲ ಎಣ್ಣೆಯ ಹೆಸರನ್ನೂ ನೀವೇ ಹೇಳಿ.

*ದೇವರ ಮನೆಯ ಡಬ್ಬಿ*

ನಮ್ಮ ಮನೆಗಳಲ್ಲಿ ನೀಲಗಿರಿ ಸೀಸೆಗಿಂತ ಹತ್ತಿರ ಇರುವುದು ಕರ್ಪೂರದ ಡಬ್ಬಿ. ಬಾಡಿಗೆಯ ಒಂದು ಕೋಣೆ ಮನೆಯಲ್ಲಿ ದೇವರ ಗೂಡು ಮಗುವಿನ ಕೈಗೆ ಸಿಗುವ ಎತ್ತರದಲ್ಲೇ ಇರುತ್ತದೆ. ಅದೇ ತಟ್ಟೆಯಲ್ಲಿ ಕಲ್ಲುಸಕ್ಕರೆ, ಅದರ ಪಕ್ಕದಲ್ಲಿ ಬಿಳಿ ಕರ್ಪೂರದ ಬಿಲ್ಲೆ. ಎರಡು ವರ್ಷದ ಮಗುವಿಗೆ ಎರಡರ ವ್ಯತ್ಯಾಸ ಹೇಗೆ ತಿಳಿಯಬೇಕು?

ಕರ್ಪೂರ ನುಂಗಿದರೆ ಐದು ನಿಮಿಷದಿಂದ ಒಂದೂವರೆ ಗಂಟೆಯೊಳಗೆ ಫಿಟ್ಸ್ ಬರಬಹುದು. ಪುಟ್ಟ ಮಗುವಿಗೆ ಒಂದು ಗ್ರಾಂ ಕರ್ಪೂರವೂ ಪ್ರಾಣಕ್ಕೆ ಮುಳುವಾದ ದಾಖಲೆ ವೈದ್ಯಕೀಯ ಪುಸ್ತಕಗಳಲ್ಲಿದೆ. "ಒಂದು ಬಿಲ್ಲೆ ತಾನೆ, ಚೆನ್ನಾಗಿ ಆಡುತ್ತಿದ್ದಾನೆ" ಎಂದು ಕಾಯುತ್ತ ಕೂರಬಾರದು.

ಇಲ್ಲಿನ ಅಂಗಡಿಯಲ್ಲಿ ಕೊಳ್ಳುವಾಗ ಒಂದು ಎಚ್ಚರ. ತೆಲುಗಿನಲ್ಲಿ ಹಾರತಿ ಕರ್ಪೂರಂ ಎಂದರೆ ಆರತಿಗೆ ಉರಿಸುವುದು, ಅದು ಬಾಯಿಗೆ ಸಲ್ಲ. ಪಚ್ಚ ಕರ್ಪೂರಂ ಎಂದರೆ ನಮ್ಮ ಪಚ್ಚೆಕರ್ಪೂರ, ಸಕ್ಕರೆ ಪೊಂಗಲ್, ಲಾಡು, ತೀರ್ಥಕ್ಕೆ ಹಾಕುವುದು. ಭಾಷೆ ಬಾರದೆ ಬರೀ "ಕರ್ಪೂರಂ" ಎಂದರೆ ಅಂಗಡಿಯವರು ಆರತಿಯದ್ದೇ ಕೊಟ್ಟಾರು. ಪಚ್ಚೆಕರ್ಪೂರವೂ ಒಂದು ಪಾತ್ರೆ ಅಡುಗೆಗೆ ಸಾಸಿವೆ ಕಾಳಿನಷ್ಟೇ ಇರಲಿ. ಎರಡೂ ಡಬ್ಬಿ ಬೇರೆ ಬೇರೆ ಕಡೆ ಇಟ್ಟು ಹೆಸರು ಬರೆದು ಅಂಟಿಸಿ. ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆ, ಇಲ್ಲಿಯವರು ಕಲರಾ ಉಂಡಲು ಎನ್ನುವುದು, ಅದು ಇನ್ನೊಂದು ವಿಷ. ಅದನ್ನು ಕರ್ಪೂರದ ಜೊತೆ ಇಡಲೇಬೇಡಿ.

ಇನ್ನೊಂದು ರೂಢಿಯ ಬಗ್ಗೆಯೂ ಹೇಳಬೇಕು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಶೀತವಾದ ಕೂಸಿನ ಎದೆ, ಬೆನ್ನು, ಮೂಗಿಗೆ ಸವರುವುದು. ಕರ್ಪೂರ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಕೂಸಿನ ಚರ್ಮ ತೆಳ್ಳಗಿರುತ್ತದೆ. ಎಷ್ಟು ಬಿಲ್ಲೆ ಹಾಕಿದೆವು ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಅಮೆರಿಕದಲ್ಲಿ ಕರ್ಪೂರದ ಎಣ್ಣೆಯನ್ನು ಸೀಸೆಯಲ್ಲಿ ಮಾರುತ್ತಿದ್ದರು. ಜನ ಅದನ್ನು ಹರಳೆಣ್ಣೆ ಎಂದು ತಪ್ಪು ತಿಳಿದು ಮಕ್ಕಳಿಗೆ ಕುಡಿಸಿ ಅನಾಹುತಗಳಾದವು. 1980ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರ ಅದರ ಮಾರಾಟ ನಿಲ್ಲಿಸಿತು, ಬೇರೆ ಮುಲಾಮುಗಳಲ್ಲೂ ಕರ್ಪೂರ ಶೇಕಡಾ 11 ಮೀರಬಾರದು ಎಂದು ಕಟ್ಟಳೆ ಮಾಡಿತು. ಎರಡು ವರ್ಷದೊಳಗಿನ ಮಗುವಿಗೆ ಕರ್ಪೂರ, ಮೆಂಥಾಲ್, ನೀಲಗಿರಿ ಇರುವ ಯಾವುದನ್ನೂ ಹಚ್ಚಬೇಡಿ. ಮೂಗಿನ ಹೊಳ್ಳೆಗಂತೂ ಯಾವ ಮಗುವಿಗೂ ಬೇಡ. ಕೂಸಿನ ಗಂಟಲು ಬಿಗಿದು ಉಸಿರು ಕಟ್ಟುವ ಅಪಾಯವಿದೆ.

*ಹಾಗಾದರೆ ಬಾಮ್ ಕೂಡ ಬೇಡವೇ?*

ಬೇಕು, ಬಳಸಿ. ಹಳದಿ ಬಣ್ಣದ ಅಮೃತಾಂಜನ ಗೊತ್ತಿಲ್ಲದ ಮನೆ ಯಾವುದು? ಅದನ್ನು 1893ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಕಾಶೀನಾಥುನಿ ನಾಗೇಶ್ವರರಾವ್ ಪಂತುಲು ನಾವಿರುವ ಈ ಕೃಷ್ಣಾ ಸೀಮೆಯವರೇ, ಅವರೂ ನಮ್ಮಂತೆ ಊರು ಬಿಟ್ಟು ಹೋಗಿ ದುಡಿದವರು. ನಮ್ಮ ಮೈಸೂರು ಸೀಮೆಯಲ್ಲಿ 1916ರಲ್ಲಿ ಗಂಧದೆಣ್ಣೆ ತೆಗೆಯಲು ಶುರುವಾದದ್ದು ನಮಗೆ ಇಂದಿಗೂ ಹೆಮ್ಮೆ. ಸುಗಂಧದ ಎಣ್ಣೆಗಳು ನಮಗೆ ಪರಕೀಯವಲ್ಲ.

ಆದರೆ ಬಾಮ್ ಎಂದರೆ ಅಳತೆ ಹಾಕಿ ಬೆರೆಸಿದ ವಸ್ತು. ಡಬ್ಬಿಯ ಮೇಲೆ ಏನೆಲ್ಲ ಇದೆ, ಯಾರು ಬಳಸಬಾರದು ಎಂದು ಬರೆದಿರುತ್ತದೆ. ಆನ್‌ಲೈನ್‌ನಲ್ಲಿ ಬರುವ ಶುದ್ಧ ಎಣ್ಣೆಯ ಪುಟ್ಟ ಸೀಸೆ ಹಾಗಲ್ಲ, ಅದನ್ನು ಬೆರೆಸಬೇಕಾದವರು ನಾವು. "ಶೇಕಡಾ ನೂರು ಶುದ್ಧ" ಎಂದು ಬರೆದಿದ್ದರೆ ಅದು ಹೊಗಳಿಕೆ ಮಾತ್ರವಲ್ಲ, ಎಚ್ಚರಿಕೆಯೂ ಹೌದು. ಹಾಗೇ ಮೈಗೆ ತಾಗಿಸಬೇಡಿ ಎಂದು ಅರ್ಥ ಮಾಡಿಕೊಳ್ಳಿ.

ದೊಡ್ಡವರು ಬಳಸುವಾಗ ಈ ಲೆಕ್ಕ ನೆನಪಿಡಿ:

1. *ಮೈಕೈ ನೋವಿಗೆ ತಿಕ್ಕಲು:* ಎರಡು ಟೀ ಚಮಚ (10 ಮಿಲಿ) ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಗೆ ಎರಡರಿಂದ ನಾಲ್ಕು ಹನಿ ಸಾಕು. ಮೊದಲು ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಉರಿ, ಕೆಂಪು, ತುರಿಕೆ ಬಂದರೆ ಆ ಎಣ್ಣೆ ನಿಮಗೆ ಆಗದು.

2. *ಹಲ್ಲುನೋವಿಗೆ ಲವಂಗದ ಎಣ್ಣೆ:* ಹತ್ತಿಯ ತುದಿಗೆ ಒಂದು ಹನಿ, ಹಲ್ಲಿಗೆ ಮಾತ್ರ, ಅದೂ ದಂತವೈದ್ಯರ ಬಳಿ ಹೋಗುವವರೆಗೆ. ವಸಡಿಗೆ ಸುರಿದರೆ ಸುಡುತ್ತದೆ. ಹುಳುಕು ಹಲ್ಲನ್ನು ಎಣ್ಣೆ ವಾಸಿ ಮಾಡದು. ಮಕ್ಕಳು ಈ ಸೀಸೆ ಕುಡಿದರೆ ಯಕೃತ್ತಿಗೇ ಪೆಟ್ಟು.

3. *ಹಬೆ:* ಬರೀ ಬಿಸಿನೀರಿನ ಹಬೆಯೇ ಸಾಕು, ಎಣ್ಣೆ ಬೇಕಿಲ್ಲ. ಹಬೆಯ ದೊಡ್ಡ ಅಪಾಯ ಬಿಸಿನೀರು. 2020ರಲ್ಲಿ ಕೊರೊನಾ ಭಯಕ್ಕೆ ಹಬೆ ಹಿಡಿಯುವುದು ಹೆಚ್ಚಾದಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಗೆ ಸುಟ್ಟಗಾಯದ ಮಕ್ಕಳು ಬರುವುದೂ ಹೆಚ್ಚಾಯಿತು. ನೆಲದ ಮೇಲೆ ಕುದಿಯುವ ಪಾತ್ರೆ, ಸುತ್ತ ಓಡಾಡುವ ಮಕ್ಕಳು: ನಮ್ಮ ಚಿಕ್ಕ ಮನೆಗಳಲ್ಲಿ ಇದು ದಿನದ ಚಿತ್ರ. ಪುಟ್ಟ ಮಕ್ಕಳಿಗೆ ಹಬೆ ಕೊಡಲೇಬೇಡಿ. ಮೂಗು ಕಟ್ಟಿದರೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಹಾಕಿ.

4. *ಕೋಣೆಯಲ್ಲಿ ಸುವಾಸನೆ:* ಕಿಟಕಿ ತೆರೆದು, ಅರ್ಧ ಗಂಟೆಯೊಳಗೆ ನಿಲ್ಲಿಸಿ. ಉಬ್ಬಸ ಇರುವವರು, ಹಸುಗೂಸು ಇರುವ ಕೋಣೆಯಲ್ಲಿ ಬೇಡ. ಬೇಸಿಗೆಯಲ್ಲಿ ಬಾಗಿಲು ಮುಚ್ಚಿ ಕೂಲರ್ ಹಾಕಿ ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ.

5. *ನಿಂಬೆ ಜಾತಿಯ ಎಣ್ಣೆ:* ನಿಂಬೆ, ಬರ್ಗಮಾಟ್ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ವಿಜಯವಾಡದ ಬಿಸಿಲಿನ ಬಗ್ಗೆ ನಾನು ಹೇಳಬೇಕಿಲ್ಲ.

6. *ಕುಡಿಯುವುದು:* ಯಾವ ಸುಗಂಧ ತೈಲವನ್ನೂ ವೈದ್ಯರು ಹೇಳದೆ ನೀರಿಗೆ, ಜೇನಿಗೆ ಹಾಕಿ ಕುಡಿಯಬೇಡಿ. ನೀರಿನಲ್ಲಿ ಇದು ಕರಗುವುದಿಲ್ಲ, ಮೇಲೆ ತೇಲಿ ಗಂಟಲನ್ನು ನೇರವಾಗಿ ಸುಡುತ್ತದೆ.

*ಇವರು ಕೇಳಿಯೇ ಬಳಸಬೇಕು*

ಬಸುರಿಯರು, ಬಾಣಂತಿಯರು, ಉಬ್ಬಸ ಇರುವವರು, ಫಿಟ್ಸ್ ಇರುವವರು. ಜೊತೆಗೆ ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ನುಂಗುವ ಹಿರಿಯರು. ನೋವಿನ ಅನೇಕ ಎಣ್ಣೆ, ಮುಲಾಮುಗಳಲ್ಲಿ ವಿಂಟರ್‌ಗ್ರೀನ್ ಎಣ್ಣೆಯ ಅಂಶ ಇರುತ್ತದೆ, ಲೇಬಲ್ ಮೇಲೆ ಮೀಥೈಲ್ ಸ್ಯಾಲಿಸಿಲೇಟ್ ಎಂದು ಬರೆದಿರುತ್ತಾರೆ. ಇದು ಆಸ್ಪಿರಿನ್ ಜಾತಿಯದ್ದು. ಶುದ್ಧ ವಿಂಟರ್‌ಗ್ರೀನ್ ಎಣ್ಣೆಯ ಒಂದು ಟೀ ಚಮಚದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಷ್ಟು ಬಲವಿದೆ. ಮಂಡಿನೋವಿಗೆ ದಿನಕ್ಕೆ ಮೂರು ಸಲ ತಿಕ್ಕಿಕೊಳ್ಳುವ ಅಪ್ಪನೋ ಅತ್ತೆಯೋ ಮನೆಯಲ್ಲಿದ್ದರೆ, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಸೀಸೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

*ಮಗು ಕುಡಿದುಬಿಟ್ಟರೆ*

ಈ ಭಾಗವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

- ವಾಂತಿ ಮಾಡಿಸಬೇಡಿ. ಬೆರಳು ಹಾಕಬೇಡಿ, ಉಪ್ಪುನೀರು ಕುಡಿಸಬೇಡಿ. ವಾಂತಿಯಲ್ಲಿ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಟ್ಟದ್ದು.
- ಹಾಲು, ಎಣ್ಣೆ ಏನನ್ನೂ ಕುಡಿಸಬೇಡಿ. ಬಾಯಲ್ಲಿ ಉಳಿದ ತುಂಡನ್ನು ತೆಗೆದು ಬಟ್ಟೆಯಿಂದ ಒರೆಸಿ.
- ಲಕ್ಷಣ ಕಾಣಲಿ, ಕಾಣದಿರಲಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸ್‌ಗೆ 108. ಸೀಸೆ ಅಥವಾ ಡಬ್ಬಿ ಜೊತೆಗೆ ಇರಲಿ.
- ದೆಹಲಿಯ ಏಮ್ಸ್ ಆಸ್ಪತ್ರೆಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ದಾರಿಯಲ್ಲಿ ಹೋಗುತ್ತಲೇ ಕರೆ ಮಾಡಬಹುದು. ಕರೆಗಾಗಿ ಹೊರಡುವುದನ್ನು ತಡ ಮಾಡಬೇಡಿ.
- ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಯಾವುದೂ ಬೇಡ.
- ಚರ್ಮಕ್ಕೆ ಚೆಲ್ಲಿದರೆ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ಸ್ವಚ್ಛ ನೀರು ಬಿಡುತ್ತ ತೊಳೆದು ಆಸ್ಪತ್ರೆಗೆ ಹೋಗಿ.

ತೆಲುಗು ಬಾರದವರು ಗಾಬರಿಯಲ್ಲಿ ಮಾತು ಸಿಗದೆ ಹೊತ್ತು ಕಳೆಯುತ್ತಾರೆ. ಈ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳಿ:

ಗಂಡು ಮಗು ಕರ್ಪೂರ ನುಂಗಿದರೆ: *ಮಾ ಬಾಬು ಕರ್ಪೂರಂ ಮಿಂಗಾಡು.*
ಹೆಣ್ಣು ಮಗುವಾದರೆ: *ಮಾ ಪಾಪ ಕರ್ಪೂರಂ ಮಿಂಗಿಂದಿ.*
ನೀಲಗಿರಿ ಎಣ್ಣೆ ಕುಡಿದರೆ: *ನೀಲಗಿರಿ ನೂನೆ ತಾಗಾಡು*, ಹೆಣ್ಣು ಮಗುವಾದರೆ *ತಾಗಿಂದಿ.*
ಫಿಟ್ಸ್ ಬಂದರೆ: *ಫಿಟ್ಸ್ ವಚ್ಚಾಯಿ.*

*ಕೊನೆಯದಾಗಿ, ಫಾರ್ವರ್ಡ್ ಮಾಡುವವರಿಗೆ*

ಮನೆಮದ್ದಿನ ಹಿಂದೆ ನಾವು ಓಡುವುದು ಮೂಢತನದಿಂದಲ್ಲ. ವೈದ್ಯರ ಬಳಿ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಫೀಸು ಬೇರೆ, ಭಾಷೆಯೂ ನಮ್ಮದಲ್ಲ. ಸಣ್ಣ ಶೀತ, ತಲೆನೋವಿಗೆ ಬಾಮ್ ಹಚ್ಚಿ ಮಲಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗುವಿಗೆ ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ, ಜ್ವರ ಮೂರು ದಿನ ಇಳಿಯದಿರುವಾಗ ಎಣ್ಣೆ ತಿಕ್ಕುತ್ತ ಕುಳಿತರೆ ಕಳೆದುಹೋಗುವುದು ಹೊತ್ತು. ಅದನ್ನು ಯಾವ ಎಣ್ಣೆಯೂ ಹಿಂದಿರುಗಿಸದು. ಸರ್ಕಾರಿ ಆಸ್ಪತ್ರೆ, ನಗರದ ಆರೋಗ್ಯ ಕೇಂದ್ರ ಇರುವುದೇ ಇದಕ್ಕೆ. ಅಲ್ಲಿಗೆ ಹೋಗಲು ಸಂಕೋಚ ಬೇಡ. ತೆಲುಗು ಬಲ್ಲ ನೆರೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಮದ್ದಿನ ಸಂದೇಶ ಬಂದಾಗ ಮುಂದೆ ಕಳಿಸುವ ಮುಂಚೆ ಮೂರು ಪ್ರಶ್ನೆ ಕೇಳಿ: ಎಷ್ಟು ಪ್ರಮಾಣ? ಯಾವ ವಯಸ್ಸಿಗೆ? ಯಾರಿಗೆ ಕೂಡದು? ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಕಳಿಸಿದವರು ಹಿರಿಯರಾಗಿದ್ದರೆ ಗ್ರೂಪಿನಲ್ಲಿ ಜಗಳ ಬೇಡ, ಬೇರೆಯಾಗಿ ಫೋನ್ ಮಾಡಿ ವಿನಯದಿಂದ ತಿಳಿಸಿ. ಒಳ್ಳೆಯ ಮನಸ್ಸಿನಿಂದ ಕಳಿಸಿದ್ದಾರೆ ನಿಜ, ಆದರೆ ವಿಷಕ್ಕೆ ಒಳ್ಳೆಯ ಮನಸ್ಸು ತಿಳಿಯುವುದಿಲ್ಲ.

ಇದನ್ನು ಹತ್ತು ಜನಕ್ಕೆ ಕಳಿಸಲೇಬೇಕು ಎಂದು ನಾನು ಹೇಳುವುದಿಲ್ಲ. ಬದಲಿಗೆ ಇವತ್ತು ರಾತ್ರಿ ದೀಪ ಹಚ್ಚಿದ ಮೇಲೆ ಎರಡು ಕೆಲಸ ಮಾಡಿ. ಕರ್ಪೂರದ ಡಬ್ಬಿಯನ್ನು ಮಗುವಿನ ಕೈಗೆ ಎಟುಕದ ಜಾಗಕ್ಕೆ ಏರಿಸಿ. ಕೆಮ್ಮಿನ ಸಿರಪ್ಪಿನ ಪಕ್ಕದಲ್ಲಿರುವ ಎಣ್ಣೆ ಸೀಸೆಯನ್ನು ತೆಗೆದು ಬೇರೆ ಕಡೆ ಬೀಗ ಹಾಕಿ ಇಡಿ. ಆಮೇಲೆ ಪುಟ್ಟ ಮಕ್ಕಳಿರುವ ಒಂದು ಕನ್ನಡ ಮನೆಗೆ ಇದನ್ನು ತಲುಪಿಸಿ.

ಎಲ್ಲರೂ ಆರೋಗ್ಯವಾಗಿರಿ.